ಹವಳದ ಗುರುತು: ಬಣ್ಣ ಬಿಡಿ, ಟೆಂಟಕಲ್ ಎಣಿಸಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ನನ್ನ ಟ್ಯಾಂಕಿನಲ್ಲಿರುವ ಈ ಹವಳ ಯಾವುದು? ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಪಾಚಿ, ಫಿಲ್ಟರ್, ಮೀನಿನ ಮೈಮೇಲಿನ ಬಿಳಿ ಚುಕ್ಕಿ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಹೊಸಬರಿಗೆ ಮೊದಲು ನಾಲ್ಕು ಮಾತು. ಕಲ್ಲು ಹವಳ ಅಂದರೆ ಹೆಚ್ಚಾಗಿ ಒಂದು ಗುಂಪು. ಅದರಲ್ಲಿರುವ ಒಂದೊಂದು ಜೀವವೂ ಒಂದು ಪಾಲಿಪ್. ಪ್ರತಿ ಪಾಲಿಪ್ ತನ್ನ ಕೆಳಗೆ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಈ ಬಟ್ಟಲುಗಳೆಲ್ಲ ಸೇರಿದ್ದೇ ಹವಳದ ಗೂಡು. ಬಟ್ಟಲಿನ ಗೋಡೆಯಿಂದ ನಡುವಿನ ಕಡೆಗೆ ತೆಳುವಾದ ಹಲಗೆಗಳು ನಿಂತಿರುತ್ತವೆ, ಅವು ಸೆಪ್ಟಾ. ಬಾಯಿಯ ಸುತ್ತ ಚಾಚಿಕೊಂಡಿರುವುದು ಟೆಂಟಕಲ್. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ಪ್ರಶ್ನೆ: ಮೇಡಂ, ಅಂಗಡಿಯವರು ಗೋನಿಯೋಪೋರಾ ಅಂತ ಹೇಳಿ ಕೊಟ್ಟರು. ಉದ್ದ ಕತ್ತು, ತುದಿಯಲ್ಲಿ ಹೂವು. ನನ್ನ ಗೆಳೆಯ ಬಂದು ನೋಡಿ "ಇದು ಆಲ್ವಿಯೋಪೋರಾ" ಅಂದ. ಇಬ್ಬರಿಗೂ ವಾದ ನಡೆಯುತ್ತಲೇ ಇದೆ. ಯಾರು ಸರಿ?
— ಜಗಳ ಮುಗಿಸಬೇಕಾದವರು

ಉತ್ತರ: ಇಷ್ಟು ಸುಲಭವಾಗಿ ಮುಗಿಯುವ ಜಗಳ ಹವಳದ ಲೋಕದಲ್ಲಿ ಬಹಳ ಇಲ್ಲ. ಟೆಂಟಕಲ್ ಎಣಿಸಿ. ಒಂದು ಪಾಲಿಪ್‌ಗೆ 24 ಇದ್ದರೆ ಗೋನಿಯೋಪೋರಾ, 12 ಇದ್ದರೆ ಆಲ್ವಿಯೋಪೋರಾ.

ಎಣಿಸುವುದು ಹೇಳಿದಷ್ಟು ಸುಲಭ ಅಲ್ಲ, ಅದು ನಿಜ. ನೀರು ಅಲ್ಲಾಡುತ್ತಿರುತ್ತದೆ, ಹೂವು ತಲೆ ತಿರುಗಿಸುತ್ತದೆ. ನಾನು ಮಾಡುವುದು ಹೀಗೆ. ನೀರು ತಳ್ಳುವ ಪಂಪ್ ಐದು ನಿಮಿಷ ನಿಲ್ಲಿಸುತ್ತೇನೆ. ಗಾಜಿಗೆ ಹತ್ತಿರ ಇರುವ, ನನ್ನ ಕಡೆ ಮುಖ ಮಾಡಿರುವ ಒಂದೇ ಪಾಲಿಪ್ ಹಿಡಿಯುತ್ತೇನೆ. ಫೋನಿನಲ್ಲಿ ಚಿತ್ರ ತೆಗೆದು, ಪರದೆ ಮೇಲೆ ದೊಡ್ಡದು ಮಾಡಿ ಎಣಿಸುತ್ತೇನೆ. ನೇರವಾಗಿ ಟ್ಯಾಂಕಿನಲ್ಲಿ ಎಣಿಸಲು ಹೋದರೆ ಹದಿನಾರು, ಹದಿನೇಳಕ್ಕೆ ಬಂದಾಗ ಎಲ್ಲಿಂದ ಶುರು ಮಾಡಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹದಿನಾರಕ್ಕೆ ಬಂದಿದ್ದೀರಿ ಅಂದರೆ ಅದು ಆಲ್ವಿಯೋಪೋರಾ ಅಲ್ಲ ಅನ್ನುವುದಂತೂ ಖಾತ್ರಿ, ಅಲ್ವಾ? ಮೂರು ಬೇರೆ ಬೇರೆ ಪಾಲಿಪ್ ನೋಡಿ. ಮೀನು ಕಚ್ಚಿದ್ದೋ, ಈಗಷ್ಟೇ ಹುಟ್ಟಿದ್ದೋ ಒಂದು ಸಿಕ್ಕಿದರೆ ಲೆಕ್ಕ ತಪ್ಪಾಗುತ್ತದೆ.

ಒಂದು ವೇಳೆ 8 ಮಾತ್ರ ಸಿಕ್ಕಿ, ಪ್ರತಿ ಟೆಂಟಕಲ್‌ನ ಎರಡೂ ಬದಿಗೆ ಗರಿಯಂಥ ಎಳೆಗಳು ಕಂಡರೆ ನಿಮ್ಮಿಬ್ಬರದೂ ತಪ್ಪು. ಅದು ಕಲ್ಲು ಹವಳವೇ ಅಲ್ಲ. ಎಂಟು ಟೆಂಟಕಲ್‌ನ ಬಳಗವೇ ಬೇರೆ, ಮೆದು ಹವಳಗಳು ಅದರಲ್ಲಿ ಬರುತ್ತವೆ. ಕಲ್ಲು ಹವಳಗಳಲ್ಲಿ ಟೆಂಟಕಲ್‌ಗಳು ಸಾಮಾನ್ಯವಾಗಿ ಆರರ ಗುಣಕದಲ್ಲಿ ಇರುತ್ತವೆ. ಈ ವಿಷಯದಲ್ಲಿ ಜನರನ್ನು ಏಮಾರಿಸುವುದು ಟ್ಯುಬಿಪೋರಾ. ಅದಕ್ಕೆ ಗಟ್ಟಿ ಗೂಡೂ ಇದೆ, ದೂರದಿಂದ ನೋಡಿದರೆ ಹೂವಿನ ಹಾಸಿನ ಹಾಗೆ ಆಲ್ವಿಯೋಪೋರಾದಂತೆಯೇ ಕಾಣುತ್ತದೆ. ಆದರೆ ಟೆಂಟಕಲ್ ಎಂಟೇ, ಗೂಡು ಕಡು ಕೆಂಪು ಕೊಳವೆಗಳದ್ದು.

ಗೂಡು ನೋಡುವ ಅವಕಾಶ ಇದ್ದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಸತ್ತ ಹವಳಗಳ ತುಂಡುಗಳನ್ನು ನಾನು ತೊಳೆದು, ಒಣಗಿಸಿ, ಚೀಟಿ ಅಂಟಿಸಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದರಲ್ಲಿರುವ ಆಲ್ವಿಯೋಪೋರಾ ತುಂಡು ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ಪೂರ್ತಿ ಜಾಲರಿ. ಸೆಪ್ಟಾ ಅನ್ನುವುದು ಬರೀ ಮುಳ್ಳಿನ ಸಾಲು. ಗೋನಿಯೋಪೋರಾದ ತುಂಡಿನಲ್ಲೂ ತೂತುಗಳಿವೆ, ಆದರೆ ಸೆಪ್ಟಾ ಚೆನ್ನಾಗಿ ಬೆಳೆದು ನಡುವೆ ಕೂಡಿಕೊಂಡಿರುತ್ತವೆ. ಹೊರಗಿನಿಂದ ಅಷ್ಟು ಹೋಲುವ ಈ ಎರಡೂ ಹತ್ತಿರದ ನೆಂಟರಲ್ಲ. ಮೊದಲು ಎರಡನ್ನೂ ಪೊರೈಟಿಡೇ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಆಲ್ವಿಯೋಪೋರಾವನ್ನು ಅಕ್ರೋಪೋರಾಗಳ ಕುಟುಂಬಕ್ಕೆ ಸೇರಿಸಿದರು. ಕೊಂಬೆ ಕೊಂಬೆಯಾಗಿ ಬೆಳೆಯುವ ಅಕ್ರೋಪೋರಾಕ್ಕೂ ಈ ಹೂಗುಚ್ಛಕ್ಕೂ ಏನು ಸಂಬಂಧ ಅಂತ ನನಗೆ ಈಗಲೂ ಸೋಜಿಗ.

ಸಾಕುವ ವಿಷಯಕ್ಕೆ ಬಂದರೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಜಾಗ: ಮಧ್ಯಮ ಬೆಳಕು, ಮೆಲ್ಲಗೆ ತೂಗುವಷ್ಟು ನೀರಿನ ಓಟ, ಆಗಾಗ ಸಣ್ಣ ಪುಡಿ ಆಹಾರ. ಗೋನಿಯೋಪೋರಾ ಊಟದ ವಿಷಯದಲ್ಲಿ ಜಾಸ್ತಿ ಹಟಮಾರಿ. ತಿಂಗಳುಗಟ್ಟಲೆ ಚೆನ್ನಾಗಿದ್ದು, ಆಮೇಲೆ ನಿಧಾನಕ್ಕೆ ಕುಗ್ಗುವುದು ಅದರ ಹಳೆಯ ಚಾಳಿ.

ಪ್ರಶ್ನೆ: ಚಿತ್ರ ಕಳಿಸಿದ್ದೇನೆ. ಹಸಿರು ಮಿಂಚುವ ಹವಳ, ಅಂಚು ಕಿತ್ತಳೆ. ಹೆಸರು ಹೇಳಿ.
— ಆತುರದವರು

ಉತ್ತರ: ಚಿತ್ರದಲ್ಲಿ ನನಗೆ ಕಂಡದ್ದು ನೀಲಿ. ನೀಲಿಯ ನಡುವೆ ಎರಡು ಹೊಳೆಯುವ ಮಚ್ಚೆ.

ನೀಲಿ ಎಲ್‌ಇಡಿ ಹಾಕಿದಾಗ ಹವಳದ ಮಾಂಸದಲ್ಲಿರುವ ಕೆಲವು ಪ್ರೋಟೀನುಗಳು ಆ ನೀಲಿ ಬೆಳಕನ್ನು ಹೀರಿ, ಹಸಿರು, ಕಿತ್ತಳೆ, ಕೆಂಪಾಗಿ ಹೊರಗೆ ಬಿಡುತ್ತವೆ. ನೋಡಲು ಚೆಂದ. ಗುರುತಿಗೆ ಮಾತ್ರ ಪ್ರಯೋಜನ ಇಲ್ಲ. ಹಸಿರು ಮೈ, ಕಿತ್ತಳೆ ಅಂಚು ಇರುವ ಹವಳಗಳು ಕನಿಷ್ಠ ಐದಾರು ಬೇರೆ ಕುಲಗಳಲ್ಲಿ ನನಗೇ ಗೊತ್ತು. ಒಂದೇ ಹವಳದ ಎರಡು ತುಂಡು ಮಾಡಿ ಬೇರೆ ಬೇರೆ ಬೆಳಕಿನಲ್ಲಿ ಇಟ್ಟರೆ ಕೆಲವು ತಿಂಗಳಲ್ಲಿ ಎರಡು ಬಣ್ಣ ಆಗುವುದೂ ಉಂಟು.

ಇನ್ನೊಮ್ಮೆ ತೆಗೆಯಿರಿ. ಬಿಳಿ ಬೆಳಕು ಹಾಕಿ. ಬಿಳಿ ಇಲ್ಲದಿದ್ದರೆ ಲೆನ್ಸ್ ಮುಂದೆ ಕಿತ್ತಳೆ ಫಿಲ್ಟರ್ ಹಿಡಿಯಿರಿ. ಪಂಪ್ ನಿಲ್ಲಿಸಿ. ಗಾಜಿಗೆ ನೇರವಾಗಿ ಹಿಡಿಯಿರಿ, ಓರೆ ಹಿಡಿದರೆ ಎಲ್ಲ ಮಸುಕಾಗುತ್ತದೆ. ಒಂದು ಚಿತ್ರ ಮೇಲಿನಿಂದ, ಒಂದು ಪಕ್ಕದಿಂದ, ಸಾಧ್ಯವಾದರೆ ಒಂದು ಬುಡದ್ದು. ಪಕ್ಕದಲ್ಲಿ ಮಿಲಿಮೀಟರ್ ಗೆರೆ ಇರುವ ಪ್ಲಾಸ್ಟಿಕ್ ಸ್ಕೇಲ್ ಇಟ್ಟರೆ ನಿಮಗೆ ದೊಡ್ಡ ನಮಸ್ಕಾರ. ಎರಡು ಮಿಲಿಮೀಟರ್ ಬಟ್ಟಲೋ ಇಪ್ಪತ್ತು ಮಿಲಿಮೀಟರ್ ಬಟ್ಟಲೋ ಅನ್ನುವುದೇ ಗೊತ್ತಾಗದ ಚಿತ್ರಗಳು ನನ್ನ ಹತ್ತಿರ ರಾಶಿ ಬಿದ್ದಿವೆ.

ಪ್ರಶ್ನೆ: ನನ್ನ ಟ್ಯಾಂಕಿನಲ್ಲಿ ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್ ಮೂರೂ ಇವೆ. ಮೂರೂ ಯೂಫಿಲಿಯಾ, ಒಂದೇ ಕುಲ, ಪಕ್ಕಪಕ್ಕ ಇಡಬಹುದು ಅಂತ ಹೇಳಿದ್ದರು. ಇಟ್ಟೆ. ಈಗ ಹ್ಯಾಮರ್‌ನ ಒಂದು ಬದಿ ಕರಗಿದೆ, ಬಿಳಿ ಗೂಡು ಕಾಣುತ್ತಿದೆ. ಅದು ನಿಜವಾಗಿ ಹ್ಯಾಮರ್ ಹೌದೋ ಅಲ್ಲವೋ ಅನ್ನುವ ಅನುಮಾನವೂ ಶುರುವಾಗಿದೆ.
— ಮೂರರ ನಡುವೆ ಸಿಕ್ಕಿಕೊಂಡವರು

ಉತ್ತರ: ಮೊದಲು ಟಾರ್ಚನ್ನು ಎತ್ತಿ ದೂರ ಇಡಿ. ಓದುವುದು ಆಮೇಲೆ.

ಇಟ್ಟಾಯಿತೇ? ಈಗ ಗುರುತಿನ ವಿಷಯ. ಈ ಮೂರರಲ್ಲಿ ನೋಡಬೇಕಾದದ್ದು ಟೆಂಟಕಲ್‌ನ ತುದಿ. ಟಾರ್ಚ್‌ನ ಟೆಂಟಕಲ್ ಉದ್ದ, ಕವಲಿಲ್ಲದ್ದು, ತುದಿಯಲ್ಲಿ ಒಂದು ಉರುಟು ಗುಂಡು. ಆ ಗುಂಡಿನ ಬಣ್ಣ ಹೆಚ್ಚಾಗಿ ಬೇರೆ ಇರುತ್ತದೆ. ಹ್ಯಾಮರ್‌ನ ತುದಿ ಅಡ್ಡಕ್ಕೆ ಹರಡಿ ಟಿ ಅಕ್ಷರದ ಹಾಗೋ, ಬಾಗಿದ ಲಂಗರಿನ ಹಾಗೋ ಇರುತ್ತದೆ. ಫ್ರಾಗ್‌ಸ್ಪಾನ್‌ನ ಟೆಂಟಕಲ್ ಕವಲೊಡೆಯುತ್ತದೆ. ಒಂದೇ ಟೆಂಟಕಲ್ ಮೇಲೆ ಅಲ್ಲಲ್ಲಿ ಸಣ್ಣ ಗುಂಡುಗಳು.

ತೊಂದರೆ ಹೆಚ್ಚಾಗಿ ಬರುವುದು ಹ್ಯಾಮರ್‌ಗೂ ಫ್ರಾಗ್‌ಸ್ಪಾನ್‌ಗೂ ನಡುವೆ. ಬಲವಾದ ನೀರಿನ ಓಟದಲ್ಲಿ ಅರ್ಧ ಮುದುಡಿದ ಹ್ಯಾಮರ್ ಟಾರ್ಚ್‌ನಂತೆ ಕಾಣುತ್ತದೆ. ಚೆನ್ನಾಗಿ ಉಬ್ಬದ ಫ್ರಾಗ್‌ಸ್ಪಾನ್ ಹ್ಯಾಮರ್‌ನಂತೆ ಕಾಣುತ್ತದೆ. ಮೂರೂ ಪೂರ್ತಿ ಒಳಗೆ ಸೇರಿಕೊಂಡಿದ್ದರೆ ನಾನು ಯಾವುದೆಂದು ಹೇಳಲು ಹೋಗುವುದೇ ಇಲ್ಲ. ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್‌ನ ಗೂಡುಗಳು ನನ್ನ ಡ್ರಾಯರ್‌ನಲ್ಲಿ ಪಕ್ಕಪಕ್ಕ ಇವೆ. ಚೀಟಿ ತೆಗೆದರೆ ಯಾವುದು ಯಾವುದು ಅಂತ ಹೇಳಲು ಬರುವುದಿಲ್ಲ. ಗೂಡಿನಿಂದ ತಿಳಿಯುವುದು ಬೆಳೆಯುವ ರೀತಿ ಅಷ್ಟೇ. ಕೊಂಬೆಯಾಗಿ, ಪ್ರತಿ ತಲೆ ಬೇರೆ ಬೇರೆಯಾಗಿ ಬೆಳೆದಿದ್ದರೆ ಅದು ಕವಲಿನ ಬಗೆ. ಉದ್ದಕ್ಕೆ ಹಾವಿನಂತೆ ಸುತ್ತಿಕೊಂಡು ಬೆಳೆದಿದ್ದರೆ ಗೋಡೆ ಬಗೆ. ಹ್ಯಾಮರ್‌ನಲ್ಲೂ ಫ್ರಾಗ್‌ಸ್ಪಾನ್‌ನಲ್ಲೂ ಎರಡು ಬಗೆಯೂ ಇವೆ. ಟಾರ್ಚ್ ಬೆಳೆಯುವುದು ಕೊಂಬೆಯಾಗಿ.

ಇನ್ನು ಒಂದೇ ಕುಲ ಅಂತ ನಿಮಗೆ ಹೇಳಿದ ಮಾತು. ಹಳೆಯ ಲೆಕ್ಕದಲ್ಲಿ ಅದು ಸರಿಯೇ. 2017ರಲ್ಲಿ ಸಂಶೋಧಕರು ಆ ಕುಲವನ್ನು ಒಡೆದರು. ಹ್ಯಾಮರ್, ಫ್ರಾಗ್‌ಸ್ಪಾನ್‌ಗಳನ್ನು ಫಿಂಬ್ರಿಯಾಫಿಲಿಯಾ ಅನ್ನುವ ಹಳೆಯ ಹೆಸರಿನ ಕೆಳಗೆ ತಂದರು. ಟಾರ್ಚ್ ಯೂಫಿಲಿಯಾದಲ್ಲೇ ಉಳಿಯಿತು. ಇದು ಡಿಎನ್‌ಎ ಮಾತ್ರ ನೋಡಿ ಮಾಡಿದ ಕೆಲಸ ಅಲ್ಲ. ಸಂತಾನದ ರೀತಿಯೂ ಬೇರೆ. ಟಾರ್ಚ್‌ನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ ಇರುತ್ತವೆ, ಮರಿಗಳು ಒಳಗೇ ಬೆಳೆದು ಹೊರಗೆ ಬರುತ್ತವೆ. ಹ್ಯಾಮರ್‌ನಲ್ಲಿ ಗಂಡು ಗುಂಪು ಬೇರೆ, ಹೆಣ್ಣು ಗುಂಪು ಬೇರೆ. ಮೊಟ್ಟೆ, ವೀರ್ಯ ಎರಡನ್ನೂ ನೀರಿಗೆ ಬಿಡುತ್ತವೆ.

ಟ್ಯಾಂಕ್ ಇಟ್ಟವರು ಇದನ್ನು ಹೆಸರು ಬದಲಾಗುವ ಮೊದಲೇ ಕಂಡುಕೊಂಡಿದ್ದರು. ಹ್ಯಾಮರ್ ಫ್ರಾಗ್‌ಸ್ಪಾನ್‌ಗೆ ತಾಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಟಾರ್ಚ್ ತಾಗಿದರೆ ಅದರ ಕುಟುಕಿಗೆ ಎರಡೂ ಸುಟ್ಟುಹೋಗುತ್ತವೆ. ನಿಮ್ಮಲ್ಲಿ ಕರಗಿದ ಬದಿ ಟಾರ್ಚ್‌ನ ಕಡೆಯದ್ದೇ ಆಗಿದ್ದರೆ ಬೇರೆ ಕಾರಣ ಹುಡುಕಬೇಡಿ. ಟಾರ್ಚ್‌ಗೂ ಬೇರೆ ಹವಳಕ್ಕೂ ನಡುವೆ ಕನಿಷ್ಠ 15 ಸೆಂಟಿಮೀಟರ್ ಬಿಡಿ. ಹಗಲು ಅಳೆದ ದೂರ ಸಾಲದು, ರಾತ್ರಿ ಅದು ಉದ್ದದ ಟೆಂಟಕಲ್ ಬಿಡಬಹುದು. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ನೀರು ಹರಿಯುವ ದಿಕ್ಕು ನೋಡಿ. ಟಾರ್ಚನ್ನು ಹರಿವಿನ ಕೆಳಗಿನ ತುದಿಗೆ ಇಟ್ಟರೆ ಅದರ ಟೆಂಟಕಲ್‌ಗಳು ಉಳಿದವರ ಕಡೆ ತೇಲಿ ಬರುವುದಿಲ್ಲ.

ಕರಗಿದ ಹ್ಯಾಮರ್ ಕವಲಿನ ಬಗೆಯದ್ದಾದರೆ ಹೆದರಬೇಡಿ. ಸತ್ತ ತಲೆಯ ಕೊಂಬೆಯನ್ನು ಕೆಳಗಿನಿಂದ ಕತ್ತರಿಸಿ ತೆಗೆಯಿರಿ, ಉಳಿದವು ಬದುಕುತ್ತವೆ. ಗೋಡೆ ಬಗೆಯದ್ದಾದರೆ ಕರಗುವುದು ಪಕ್ಕಕ್ಕೆ ಹರಡಬಹುದು. ಅದನ್ನು ದಿನಾ ನೋಡುತ್ತಿರಿ.

ಪ್ರಶ್ನೆ: ಫೇವಿಯಾ, ಫೇವಿಟಿಸ್ ಅನ್ನುವ ಎರಡು ಹೆಸರು ಕೇಳಿ ತಲೆ ಕೆಟ್ಟಿದೆ. ನನ್ನದು ಗುಂಡು ಕಲ್ಲಿನ ಮೇಲೆ ಕಣ್ಣು ಕಣ್ಣಿನ ಹವಳ.
— ಕಣ್ಣಿನವರು

ಉತ್ತರ: ನೀವು ಕಣ್ಣು ಅನ್ನುವುದು ಪಾಲಿಪ್‌ನ ಬಟ್ಟಲು. ಅದರ ಗೋಡೆ ನೋಡಿ. ವಠಾರದಲ್ಲಿ ಎರಡು ಮನೆಗೆ ನಡುವೆ ಒಂದೇ ಗೋಡೆ ಇದ್ದರೆ ಫೇವಿಟಿಸ್. ಪ್ರತಿ ಮನೆಗೂ ತನ್ನದೇ ಗೋಡೆ, ನಡುವೆ ಕಿರಿದಾದ ಓಣಿ ಇದ್ದರೆ ಫೇವಿಯಾ. ಕಣ್ಣುಗಳ ನಡುವೆ ಸಣ್ಣ ತಗ್ಗು ಓಡುತ್ತಿದೆಯೇ ಅನ್ನುವುದನ್ನು ಬಿಳಿ ಬೆಳಕಿನಲ್ಲಿ, ಓರೆಯಾಗಿ ಟಾರ್ಚ್ ಹಿಡಿದು ನೋಡಿದರೆ ತಿಳಿಯುತ್ತದೆ. ಇಲ್ಲಿ ಟಾರ್ಚ್ ಅಂದರೆ ಬೆಳಕಿನ ಟಾರ್ಚ್!

ಅಂಚಿನಲ್ಲಿ ನೋಡಬೇಡಿ. ಅಲ್ಲಿ ಹೊಸ ಬಟ್ಟಲುಗಳು ಹುಟ್ಟುತ್ತಿರುತ್ತವೆ, ಎಲ್ಲ ಕಲಸಿಹೋಗಿರುತ್ತದೆ. ಗುಡ್ಡದ ನಡುಭಾಗದಲ್ಲಿ ಹತ್ತು ಹದಿನೈದು ಕಣ್ಣು ನೋಡಿ ತೀರ್ಮಾನ ಮಾಡಿ. ಕೆಲವು ಫೇವಿಟಿಸ್‌ಗಳಲ್ಲೂ ಅಲ್ಲಲ್ಲಿ ಗೋಡೆ ಸೀಳಿದ ಹಾಗೆ ಇರುತ್ತದೆ. ಹಾಗಾಗಿ ಒಂದೆರಡು ಕಣ್ಣು ನೋಡಿ ಬಿಡಬೇಡಿ.

ಗೋಡೆ ಒಂದೇ ಇದ್ದು, ಕಣ್ಣುಗಳು ಸಣ್ಣದಾಗಿ, ಮೂಲೆ ಮೂಲೆಯಾಗಿ, ಬಹಳ ಅಚ್ಚುಕಟ್ಟಾಗಿದ್ದರೆ ಗೋನಿಯಾಸ್ಟ್ರಿಯಾ ಇರಬಹುದು. ಅದರ ಬಟ್ಟಲಿನ ನಡುವಿನ ಸುತ್ತ ಸೆಪ್ಟಾಗಳ ತುದಿ ಮೇಲೆದ್ದು ಕಿರೀಟ ಮಾಡಿರುತ್ತದೆ. ಕಣ್ಣುಗಳು ಒಂದಕ್ಕೊಂದು ಸೇರಿ ಉದ್ದ ಕಣಿವೆಗಳಾಗಿದ್ದರೆ ಪ್ಲಾಟಿಗೈರಾ ಕಡೆ ನೋಡಿ.

ಇಂಡೋ-ಪೆಸಿಫಿಕ್ ಸಮುದ್ರಗಳಿಂದ ಬರುವ ಫೇವಿಯಾಗಳಿಗೆ 2012ರಿಂದ ಡಿಪ್ಸಾಸ್ಟ್ರಿಯಾ ಅನ್ನುವ ಹೆಸರು ಬಂದಿದೆ. ಫೇವಿಯಾ ಹೆಸರು ಅಟ್ಲಾಂಟಿಕ್‌ನದ್ದಕ್ಕೆ ಉಳಿಯಿತು. ಅಂಗಡಿಗಳಲ್ಲಿ ಈಗಲೂ ಫೇವಿಯಾ ಅಂತಲೇ ಬರೆದಿರುತ್ತಾರೆ, ನಾನೂ ಮಾತಾಡುವಾಗ ಹಾಗೇ ಅನ್ನುತ್ತೇನೆ. ಇವೆಲ್ಲವೂ ರಾತ್ರಿ ದೀಪ ಆರಿದ ಮೇಲೆ ಉದ್ದದ ಕುಟುಕುವ ಟೆಂಟಕಲ್ ಬಿಡುತ್ತವೆ. ಹಗಲು ಕಲ್ಲಿನಂತೆ ಕೂತಿರುವುದನ್ನು ನೋಡಿ ಪಕ್ಕದಲ್ಲಿ ಏನನ್ನೂ ಅಂಟಿಸಬೇಡಿ.

ಪ್ರಶ್ನೆ: ಏಕನ್ (ಅಕಾಂತಾಸ್ಟ್ರಿಯಾ) ಮತ್ತು ಬ್ಲಾಸ್ಟೋ (ಬ್ಲಾಸ್ಟೋಮುಸ್ಸಾ) ಎರಡೂ ಉಬ್ಬಿದಾಗ ಒಂದೇ ಥರ ಕಾಣುತ್ತವೆ. ಉಪಾಯ ಇದೆಯೇ?
— ಸಂಕ್ಷಿಪ್ತವಾಗಿ ಕೇಳುವವರು

ಉತ್ತರ: ಪಕ್ಕದಿಂದ, ಬುಡ ನೋಡಿ. ಬ್ಲಾಸ್ಟೋಮುಸ್ಸಾದಲ್ಲಿ ಪ್ರತಿ ಪಾಲಿಪ್ ತನ್ನದೇ ಕೊಳವೆಯ ಮೇಲೆ ಕೂತಿರುತ್ತದೆ, ಕೊಳವೆಗಳ ನಡುವೆ ಸಂದು ಕಾಣುತ್ತದೆ. ಏಕನ್‌ನಲ್ಲಿ ಬಟ್ಟಲುಗಳು ಒಂದಕ್ಕೊಂದು ಅಂಟಿ ಒಂದೇ ಗಡ್ಡೆ. ಮಾಂಸವೂ ತರಿತರಿ. ಬ್ಲಾಸ್ಟೋದ್ದು ನಯ. ಏಕನ್ ಅಂತ ಮಾರುವ ಲಾರ್ಡ್‌ಹೋವೆನ್ಸಿಸ್ ಅನ್ನುವ ಪ್ರಭೇದ 2016ರಿಂದ ಅಕಾಂತಾಸ್ಟ್ರಿಯಾ ಅಲ್ಲ, ಮೈಕ್ರೋಮುಸ್ಸಾ. ಚೀಟಿ ಬದಲಾಯಿಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ದಪ್ಪ ಮಾಂಸದ, ಒಂದೇ ಬಾಯಿಯ ದುಂಡು ಹವಳ ತಂದಿದ್ದೇನೆ. ಒಬ್ಬರು ಸ್ಕಾಲಿ ಅನ್ನುತ್ತಾರೆ, ಇನ್ನೊಬ್ಬರು ಸೈನಾರಿನಾ, ಮತ್ತೊಬ್ಬರು ಅಕಾಂತೋಫಿಲಿಯಾ. ಬೆಲೆಯಲ್ಲಿ ಅಜಗಜಾಂತರ ಇದೆ, ಅದಕ್ಕೇ ಕೇಳುತ್ತಿದ್ದೇನೆ.
— ದುಡ್ಡು ಕೊಟ್ಟವರು

ಉತ್ತರ: ಬೆಲೆ ಜಾಸ್ತಿ ಇರುವ ಹೆಸರೇ ಚೀಟಿ ಮೇಲೆ ಬರುವುದು ಹೆಚ್ಚು. ಆದ್ದರಿಂದ ನಿಮ್ಮ ಅನುಮಾನ ಒಳ್ಳೆಯದೇ.

ಬೆಳಗ್ಗೆ ದೀಪ ಹೊತ್ತಿದ ಮೇಲೆ, ಪೂರ್ತಿ ಉಬ್ಬುವ ಮೊದಲು ನೋಡಿ. ಸೈನಾರಿನಾದ ಮಾಂಸ ನೀರಿನಂತೆ ಅರೆಪಾರದರ್ಶಕ. ಅಂಚಿನ ಸುತ್ತ ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ. ಒಳಗಿನ ದಪ್ಪ ಸೆಪ್ಟಾ, ಅದರ ಮೇಲಿನ ದೊಡ್ಡ ಮೊಂಡು ಹಲ್ಲುಗಳು ಮಾಂಸದ ಮೂಲಕ ಕಾಣುತ್ತವೆ. ಅಕಾಂತೋಫಿಲಿಯಾ ಹಾಗಲ್ಲ. ಮಾಂಸ ದಪ್ಪ, ಆಚೆ ಏನೂ ಕಾಣದು, ಮೇಲ್ಮೈ ಒರಟು, ಮಡಿಕೆ ಮಡಿಕೆ. ದೊಡ್ಡದಾಗಿಯೂ ಬೆಳೆಯುತ್ತದೆ. ಅದರ ಗೂಡು ಕೊಂಬಿನ ಆಕಾರದ್ದು, ಕೆಳಗೆ ಚೂಪು. ಒಂದು ಕಾಲದಲ್ಲಿ ಇದನ್ನೂ ಸೈನಾರಿನಾದೊಳಗೇ ಸೇರಿಸಿದ್ದರು. ಅಂಗಡಿಯವರನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ.

ಸ್ಕಾಲಿ ಅಂತ ಮಾರುವುದು ಆಸ್ಟ್ರೇಲಿಯಾ ಕಡೆಯ ಹೋಮೋಫಿಲಿಯಾ ಆಸ್ಟ್ರಾಲಿಸ್. ಸ್ಕಾಲಿ ಅನ್ನುವ ಮೊಟಕು ಹೆಸರು ಬಂದದ್ದು ಸ್ಕಾಲಿಮಿಯಾ ಕುಲದಿಂದ, ಆ ಕುಲ ಈಗ ಅಟ್ಲಾಂಟಿಕ್‌ಗೆ ಸೀಮಿತ. ಹೋಮೋಫಿಲಿಯಾದ ಗೂಡು ತಟ್ಟೆಯಂತೆ ಚಪ್ಪಟೆ, ಕಲ್ಲಿಗೆ ಅಂಟಿ ಬೆಳೆದದ್ದು. ಮಾಂಸ ಬಿಗಿ, ಗುಳ್ಳೆ ಏಳುವುದಿಲ್ಲ.

ನಾಲ್ಕನೆಯ ಸಾಧ್ಯತೆ ಒಂದಿದೆ, ಅದನ್ನು ನಿಮಗೆ ಯಾರೂ ಹೇಳಿಲ್ಲ. ಲೋಬೋಫಿಲಿಯಾದ ಮರಿ. ಚಿಕ್ಕದಿರುವಾಗ ಅದಕ್ಕೂ ಒಂದೇ ಬಾಯಿ, ಅದೂ ದುಂಡು, ಅದರ ಬಣ್ಣವೂ ಹೀಗೇ ಇರಬಹುದು. ಇದು ಸ್ಕಾಲಿ ಅನ್ನುವ ಹೆಸರಿನಲ್ಲಿ ಮಾರಾಟವಾಗುವುದುಂಟು. ಕೆಲವು ತಿಂಗಳು ಬಿಟ್ಟು ಎರಡನೆಯ ಬಾಯಿ ಮೂಡಿ, ನಡುವೆ ಸೊಂಟ ಬಿದ್ದರೆ ಗುಟ್ಟು ರಟ್ಟು. ಬೇಗ ತಿಳಿಯಬೇಕಾದರೆ ಸೆಪ್ಟಾದ ಅಂಚು ನೋಡಿ. ಲೋಬೋಫಿಲಿಯಾದ ಹಲ್ಲುಗಳು ಉದ್ದ, ಚೂಪು.

ಇನ್ನು ಎರಡು ಕಡೆ ಉಬ್ಬಿ ನಡುವೆ ಕಿರಿದಾಗಿ, ಎಂಟರ ಅಂಕಿಯ ಆಕಾರಕ್ಕೆ ಬಂದು, ಕೆಳಗಿನ ಗೂಡು ಶಂಕುವಿನಂತಿದ್ದು, ಸೆಪ್ಟಾದ ಹಲ್ಲು ಬಹಳ ಸಣ್ಣದಾಗಿದ್ದರೆ ಅದು ಟ್ರಾಕಿಫಿಲಿಯಾ. ಇದೂ ದುಂಡು ಹವಳಗಳ ಗುಂಪಿನಲ್ಲಿ ಸೇರಿಹೋಗಿರುತ್ತದೆ. ಟ್ರಾಕಿಫಿಲಿಯಾಕ್ಕೆ ಮರಳಿನ ಮೇಲೆ ಜಾಗ ಕೊಡಿ. ಬಂಡೆಯ ಒರಟು ಅಂಚಿಗೆ ಇಟ್ಟರೆ ಉಬ್ಬಿದಾಗ ಮಾಂಸ ಹರಿಯುತ್ತದೆ.

ಗುರುತಿಗಾಗಿ ಮಾಂಸ ಒತ್ತಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಈ ಜಾತಿಯ ಹವಳಗಳಲ್ಲಿ ಚೂಪು ಹಲ್ಲಿನ ಮೇಲೆ ಮಾಂಸ ಸಿಕ್ಕಿ ಕಿತ್ತರೆ ಅಲ್ಲಿಂದಲೇ ಕೊಳೆಯಲು ಶುರು. ಸಣ್ಣ ಸಿಗಡಿ ಚೂರು ಹತ್ತಿರ ತಂದು ಕಾಯಿರಿ. ಟೆಂಟಕಲ್ ಹೊರಬರುತ್ತದೆ, ಮಾಂಸ ತುಸು ಕುಗ್ಗುತ್ತದೆ, ಹಲ್ಲು ತಾನಾಗಿಯೇ ಕಾಣುತ್ತದೆ.

ಪ್ರಶ್ನೆ: ಹಗಲು ಗುಳ್ಳೆ ಹವಳ, ರಾತ್ರಿ ಬೇರೆ ಯಾವುದೋ ಪ್ರಾಣಿ. ಕೆಳಗಿನಿಂದ ಇನ್ನೊಂದು ಹವಳ ಬಂದು ಇದನ್ನು ತಿಂದುಬಿಟ್ಟಿದೆಯೇ?
— ರಾತ್ರಿ ಎದ್ದು ನೋಡುವವರು

ಉತ್ತರ: ಇಲ್ಲ, ಒಂದೇ ಪ್ರಾಣಿ. ಪ್ಲೆರೊಗೈರಾ ಹಗಲು ಬೆಳಕಿಗೆ ಗುಳ್ಳೆ ಉಬ್ಬಿಸುತ್ತದೆ. ಅದರ ಮಾಂಸದೊಳಗೆ ಬಾಳುತ್ತಾ ಅದಕ್ಕೆ ಆಹಾರ ಕೊಡುವ ಪಾಚಿಗೆ ಬೆಳಕು ಸಿಗಲಿ ಅಂತ. ರಾತ್ರಿ ಗುಳ್ಳೆ ಇಳಿಸಿ ಟೆಂಟಕಲ್ ಹೊರಗೆ ಹಾಕುತ್ತದೆ, ಅವು ಜೋರಾಗಿ ಕುಟುಕುತ್ತವೆ. ಗುಳ್ಳೆಗಳು ಬಹಳ ಸಣ್ಣದಾಗಿ, ಒತ್ತೊತ್ತಾಗಿ ಇದ್ದರೆ ಫಿಸೋಗೈರಾ ಅನ್ನುವ ಅದರ ನೆಂಟ ಇರಬಹುದು.

ಪ್ರಶ್ನೆ: ನಾನು ತರದೇ ಇದ್ದ ಹವಳ ಗಾಜಿನ ಮೇಲೆ, ಪಂಪಿನ ಮೇಲೆ ಅಲ್ಲಲ್ಲಿ ಹುಟ್ಟಿಕೊಂಡಿದೆ. ಸಣ್ಣ ಪೊದೆ. ಬರ್ಡ್ಸ್‌ನೆಸ್ಟ್ ಇರಬಹುದೇ?
— ಉಚಿತವಾಗಿ ಪಡೆದವರು

ಉತ್ತರ: ಪೊಸಿಲ್ಲೋಪೋರಾ ಇರುವ ಸಾಧ್ಯತೆಯೇ ಹೆಚ್ಚು. ಅದು ಒಳಗೇ ಮರಿ ಬೆಳೆಸಿ ನೀರಿಗೆ ಬಿಡುತ್ತದೆ. ಆ ಮರಿಗಳು ಸಿಕ್ಕ ಕಡೆ ಅಂಟಿಕೊಳ್ಳುತ್ತವೆ. ನಿಮ್ಮ ಟ್ಯಾಂಕಿನಲ್ಲಿ ತಾಯಿ ಎಲ್ಲೋ ಇದೆ, ಅಥವಾ ಬೇರೆ ಟ್ಯಾಂಕಿನಿಂದ ತಂದ ಕಲ್ಲಿನ ಮೇಲೆ ಮರಿ ಕೂತು ಬಂದಿದೆ.

ಒಂದು ಇಂಚಿನಷ್ಟಾಗುವವರೆಗೆ ಕಾಯಿರಿ, ಆಮೇಲೆ ಭೂತಗನ್ನಡಿ ಹಿಡಿಯಿರಿ. ಕೊಂಬೆ ಮೇಲೆ ಗಂಟು ಗಂಟು ಎದ್ದು, ಆ ಗಂಟಿನ ಮೇಲೂ ಪಾಲಿಪ್ ಇದ್ದರೆ ಪೊಸಿಲ್ಲೋಪೋರಾ. ಕೊಂಬೆ ತೆಳು, ತುದಿ ಸೂಜಿಯಂತೆ ಚೂಪು, ಪಾಲಿಪ್‌ಗಳು ಸಾಲು ಸಾಲಾಗಿ ನಿಂತಿದ್ದರೆ ಸೀರಿಯಾಟೋಪೋರಾ, ಅಂದರೆ ನಿಮ್ಮ ಬರ್ಡ್ಸ್‌ನೆಸ್ಟ್. ಕೊಂಬೆ ದಪ್ಪ, ತುದಿ ಮೊಂಡು, ಪ್ರತಿ ಬಟ್ಟಲಿನ ಮೇಲೆ ಸಣ್ಣ ಮಾಡು ಚಾಚಿದ್ದರೆ ಸ್ಟೈಲೋಫೋರಾ. ಈ ಮೂರರಲ್ಲೂ ಕೊಂಬೆಯ ತುದಿಯಲ್ಲಿ ಒಂಟಿ ದೊಡ್ಡ ಬಟ್ಟಲು ಇರುವುದಿಲ್ಲ. ಅದು ಕಂಡರೆ ಅಕ್ರೋಪೋರಾ. ಪಂಪಿನ ಮೇಲಿನದನ್ನು ಈಗಲೇ ಕೀಳಿ, ಬೆಳೆದ ಮೇಲೆ ಪಂಪ್ ಬಿಚ್ಚಲು ಆಗುವುದಿಲ್ಲ.

ಪ್ರಶ್ನೆ: ನೀವು ಯಾವಾಗಲೂ ಕುಲದ ಹೆಸರು ಮಾತ್ರ ಹೇಳುತ್ತೀರಿ. ಮಾರುವವರು ಪೂರ್ತಿ ಹೆಸರು, ಎರಡು ಪದ ಬರೆದು ಕೊಡುತ್ತಾರೆ. ನಿಮಗೆ ಗೊತ್ತಿಲ್ಲವೋ, ಹೇಳುವುದಿಲ್ಲವೋ?
— ಖಾರವಾಗಿ ಬರೆದವರು

ಉತ್ತರ: ಖಾರ ಇರಲಿ, ಪರವಾಗಿಲ್ಲ. ಗಾಜಿನ ಆಚೆಯಿಂದ ನೋಡಿ ಪ್ರಭೇದದ ಹೆಸರು ಹೇಳುವುದು ಬಹಳಷ್ಟು ಹವಳಗಳಲ್ಲಿ ಆಗದ ಕೆಲಸ. ಹೇಳುವವರು ಸುಮ್ನೆ ಊಹೆ ಮಾಡುತ್ತಿದ್ದಾರೆ. ಹವಳದ ಆಕಾರ ಬೆಳಕಿಗೆ, ನೀರಿನ ಓಟಕ್ಕೆ ತಕ್ಕಂತೆ ಬದಲಾಗುತ್ತದೆ. ಓಟ ಜೋರಿದ್ದ ಕಡೆ ಗಿಡ್ಡ, ಒತ್ತು ಕೊಂಬೆ. ಓಟ ಇಲ್ಲದ ಕಡೆ ಅದೇ ಹವಳಕ್ಕೆ ತೆಳು, ಉದ್ದ ಕೊಂಬೆ. ಪೊಸಿಲ್ಲೋಪೋರಾ ಡಾಮಿಕಾರ್ನಿಸ್ ಅಂತ ದಶಕಗಳಿಂದ ಎಲ್ಲರೂ ಕರೆಯುತ್ತಿದ್ದದ್ದು ಒಂದೇ ಪ್ರಭೇದ ಅಲ್ಲ ಅಂತ 2014ರಲ್ಲಿ ಬಿಡಿಸಿ ತೋರಿಸಿದರು. ಅದರಲ್ಲಿ ಒಂದು ಪಾಲು ಈಗ ಪೊಸಿಲ್ಲೋಪೋರಾ ಅಕ್ಯೂಟಾ. ಪ್ರಯೋಗಾಲಯದಲ್ಲಿ ಗೂಡು, ಡಿಎನ್‌ಎ ಎರಡೂ ಮುಂದಿಟ್ಟುಕೊಂಡವರಿಗೇ ಇಷ್ಟು ಕಷ್ಟ.

ಕಲ್ಲು ಹವಳಗಳೆಲ್ಲ ಸೈಟ್ಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ, ದೇಶದಿಂದ ದೇಶಕ್ಕೆ ಹೋಗಲು ಕಾಗದಪತ್ರ ಬೇಕು. ಅಲ್ಲೂ ಎಷ್ಟೋ ಹವಳಗಳಿಗೆ ಕುಲದ ಹೆಸರು ಬರೆದರೆ ಸಾಕು ಅಂತ ಒಪ್ಪಿಕೊಂಡಿದ್ದಾರೆ. ನಿಮಗೂ ನನಗೂ ಬೇಕಾದದ್ದು ಬೆಳಕು ಎಷ್ಟು, ಊಟ ಏನು, ಯಾರ ಪಕ್ಕ ಇಡಬಹುದು ಅನ್ನುವುದು. ಅದಕ್ಕೆ ಹೆಚ್ಚಿನ ಸಲ ಕುಲವೇ ಸಾಕಾಗುತ್ತದೆ. ಕೆಲವೊಮ್ಮೆ ಸಾಲದು. ಮೊಂಟಿಪೋರಾ ಅಂತ ಹೇಳಿ ಬಿಟ್ಟರೆ ತಟ್ಟೆಯಾಗಿ ಬೆಳೆಯುತ್ತದೋ ಬೆರಳಾಗಿ ಬೆಳೆಯುತ್ತದೋ ತಿಳಿಯುವುದಿಲ್ಲ. ಆಗ ನಾನು ಬೆಳೆಯುವ ರೀತಿಯನ್ನು ಸೇರಿಸಿ ಬರೆಯುತ್ತೇನೆ. ನನ್ನ ಡ್ರಾಯರ್‌ನ ಚೀಟಿಗಳಲ್ಲೂ ಹೀಗೇ: ಕುಲ, ಬೆಳೆದ ರೀತಿ, ಬಟ್ಟಲಿನ ಅಗಲ ಎಷ್ಟು ಮಿಲಿಮೀಟರ್.

ಪ್ರಶ್ನೆ: ಬೆರಳಿನಂತೆ ಬೆಳೆಯುವ ಹವಳ. ಮೊಂಟಿಪೋರಾ ಹೌದೋ ಪೊರೈಟಿಸ್ ಹೌದೋ?
— ಒಂದೇ ಸಾಲಿನವರು

ಉತ್ತರ: ಭೂತಗನ್ನಡಿ ಬೇಕೇ ಬೇಕು. ಸೂಜಿಯಿಂದ ಚುಚ್ಚಿದಂಥ ತೂತುಗಳು, ತೂತುಗಳ ನಡುವೆ ಜಾಗ ಇದ್ದರೆ ಮೊಂಟಿಪೋರಾ. ಆಳ ಇಲ್ಲದ ನಕ್ಷತ್ರಗಳು ಅಂಚಿಗೆ ಅಂಚು ತಾಗಿ ತುಂಬಿದ್ದರೆ ಪೊರೈಟಿಸ್.

ಪ್ರಶ್ನೆ: ಮರಳಿನ ಮೇಲೆ ಇಟ್ಟಿರುವುದು ಅನಿಮೋನಿ ಅಂತ ತಂದದ್ದು. ಉದ್ದ ಟೆಂಟಕಲ್, ತುದಿಯಲ್ಲಿ ಬಿಳಿ ಚುಕ್ಕಿ. ಕೋಡಂಗಿ ಮೀನು ಅದರ ಹತ್ತಿರ ಹೋಗುತ್ತದೆ, ಆದರೆ ಒಳಗೆ ಕೂರುತ್ತಿಲ್ಲ. ಇದು ಜಾಗ ಬಿಟ್ಟು ಅಲ್ಲಾಡುವುದೂ ಇಲ್ಲ.
— ಮೀನಿನ ಪರವಾಗಿ

ಉತ್ತರ: ಅದರ ಕೆಳಗೆ ಮರಳು ಸ್ವಲ್ಪ ಸರಿಸಿ, ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಕೈಗವಸು ಹಾಕಿಕೊಳ್ಳಿ. ಮೆತ್ತಗಿನ ಪಾದ ಸಿಕ್ಕಿದರೆ ಅನಿಮೋನಿ, ಅಂದರೆ ಕೋಡಂಗಿ ಮೀನು ಮನೆ ಮಾಡಿಕೊಳ್ಳುವ, ಸುಣ್ಣದ ಗೂಡಿಲ್ಲದ ಪ್ರಾಣಿ. ಗಟ್ಟಿ ತಟ್ಟೆ ಸಿಕ್ಕಿದರೆ ಹೀಲಿಯೋಫಂಜಿಯಾ, ಇದೂ ಕಲ್ಲು ಹವಳವೇ. ಇಡೀ ತಟ್ಟೆಗೆ ಒಂದೇ ಪಾಲಿಪ್, ಒಂದೇ ಬಾಯಿ. ನೀವು ಹೇಳಿದ ಬಿಳಿ ಚುಕ್ಕಿ ನೋಡಿದರೆ ಎರಡನೆಯದೇ ಅಂತ ನನ್ನ ಅಂದಾಜು.

ಅದರ ನೆಂಟ ಫಂಜಿಯಾಕ್ಕೂ ಹೀಗೇ ತಟ್ಟೆ ಇದೆ. ಆದರೆ ಟೆಂಟಕಲ್ ಗಿಡ್ಡ, ಅಲ್ಲೊಂದು ಇಲ್ಲೊಂದು, ಹೆಚ್ಚಾಗಿ ರಾತ್ರಿ ಹೊರಬರುತ್ತವೆ. ಹೀಲಿಯೋಫಂಜಿಯಾದ್ದು ಹಗಲೂ ಚಾಚಿರುತ್ತವೆ, ಅದಕ್ಕೇ ಅನಿಮೋನಿ ಅಂತ ಮಾರಿಬಿಡುತ್ತಾರೆ. ಹವಳ ಉದ್ದಕ್ಕೆ ಬೆಳೆದು, ಮೇಲೆ ಹಲವು ಬಾಯಿ ಕಂಡರೆ ಪಾಲಿಫಿಲಿಯಾ ಕಡೆ ನೋಡಿ.

ಈಗಿರುವ ಮರಳಿನ ಜಾಗ ಸರಿಯಾಗಿದೆ, ಬಂಡೆಯ ಮೇಲೆ ಎತ್ತಿಡಬೇಡಿ. ಎತ್ತುವುದೇ ಆದರೆ ಮೊದಲು ಟೆಂಟಕಲ್‌ಗಳು ಕುಗ್ಗುವವರೆಗೆ ಕಾದು, ನೀರಿನೊಳಗೇ ಕೆಳಗಿನಿಂದ ಕೈ ಹಾಕಿ ಎತ್ತಿ. ಉಬ್ಬಿರುವಾಗ ನೀರಿನಿಂದ ಹೊರಗೆ ತೆಗೆದರೆ ಮಾಂಸದ ಭಾರಕ್ಕೆ ಅದೇ ಹರಿಯುತ್ತದೆ. ಕೋಡಂಗಿ ಮೀನು ಒಳಗೆ ಕೂತರೂ ಕೂರಬಹುದು. ಕೂತು ಉಜ್ಜಲು ಶುರು ಮಾಡಿ ಹವಳ ದಿನಾ ಮುದುಡಿಕೊಂಡೇ ಇದ್ದರೆ ಎರಡನ್ನೂ ಬೇರೆ ಮಾಡಿ.